ಎಸ್‌ಎಂಪಿಎಸ್ ಬದಲಿಸುವಾಗ ಓದಬೇಕಾದದ್ದು 12 ವೋಲ್ಟಿನ ಸಾಲು

ಕಂಪ್ಯೂಟರಿನ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಇಲ್ಲವೇ ಜೀವವೇ ಇಲ್ಲದಂತೆ ಸುಮ್ಮನಿರುತ್ತದೆ. ಇಲ್ಲವೇ ಬಿಲ್ ಹೊಡೆಯುತ್ತಿರುವಾಗಲೇ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಈ ಮೂರಕ್ಕೂ ಅಂಗಡಿಯಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: “ಎಸ್‌ಎಂಪಿಎಸ್ ಹೋಗೇತ್ರಿ, ಹೊಸಾದು ಹಾಕೂಣು.” ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿನ ಡಿಸಿಗೆ ಇಳಿಸಿ ಹಂಚುವ ಡಬ್ಬಿ. ಅನೇಕ ಸಲ ಅಂಗಡಿಯವರ ಮಾತು ನಿಜವೂ ಹೌದು. ಆದರೆ ಫ್ಯಾನ್‌ಗಳೆಲ್ಲ ಚೆನ್ನಾಗಿ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಮೊದಲು ರ‍್ಯಾಮ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ. ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಹೊಸ ಎಸ್‌ಎಂಪಿಎಸ್ ತಂದರೂ ಪ್ರಯೋಜನವಿಲ್ಲ.

ಹಣ ಕೊಡುವ ಮುಂಚೆ ಹತ್ತು ನಿಮಿಷದ ಪರೀಕ್ಷೆ ಮಾಡಬಹುದು. ಗೋಡೆಯ ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನಿಂದ ಹೊರಟ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿ. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಪ್ಲಗ್ಗಿನಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಆ ಪಿನ್ನಿಗೂ ಪಕ್ಕದ ಕಪ್ಪು ವೈರಿನ ಪಿನ್ನಿಗೂ ಬಗ್ಗಿಸಿದ ಪೇಪರ್ ಕ್ಲಿಪ್ ತೂರಿಸಿ, ಆಮೇಲೆ ಕರೆಂಟ್ ಕೊಡಿ. ಸಾಮಾನ್ಯವಾಗಿ ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ಮಲ್ಟಿಮೀಟರನ್ನು ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಹಿಡಿದು ಅಳೆಯಿರಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ನೇರಳೆ ವೈರಿನಲ್ಲಿ ಕ್ಲಿಪ್ ಹಾಕದೇ ಇದ್ದರೂ 5 ವೋಲ್ಟ್ ಇರಲೇಬೇಕು. ಅದೂ ಇಲ್ಲದಿದ್ದರೆ ಎಸ್‌ಎಂಪಿಎಸ್ ಸತ್ತಿದೆ ಎಂದೇ ಲೆಕ್ಕ. ವೈರ್‌ಗಳೆಲ್ಲ ಕಪ್ಪು ಬಣ್ಣದವಾಗಿದ್ದರೆ ಊಹೆಯ ಮೇಲೆ ಕ್ಲಿಪ್ ತೂರಿಸಬೇಡಿ, ಗೊತ್ತಿದ್ದವರಿಂದ ಮಾಡಿಸಿ.

ಫ್ಯಾನ್ ತಿರುಗಿತು ಅಂದಮಾತ್ರಕ್ಕೆ ಪಾಸಾಯಿತು ಎಂದಲ್ಲ. ಖಾಲಿ ಗಾಡಿ ಯಾವ ಎತ್ತಾದರೂ ಎಳೆಯುತ್ತದೆ. ಎಲ್ಲ ಮರಳಿ ಜೋಡಿಸಿ, ಕಂಪ್ಯೂಟರಿಗೆ ಭಾರದ ಕೆಲಸ ಕೊಟ್ಟು, ಕನೆಕ್ಟರಿನ ಹಿಂಬದಿಯಿಂದ ಹಳದಿ ವೈರನ್ನು ಮತ್ತೆ ಅಳೆಯಿರಿ. 12 ವೋಲ್ಟು 11.4ಕ್ಕಿಂತ ಕೆಳಗೆ ಕುಸಿದರೆ ಕಳ್ಳ ಸಿಕ್ಕ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ನಿಂತಿರುತ್ತದೆ.

ಇನ್ನು ಅಂಗಡಿಯ ಮಾತು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಕೊಳ್ಳಿ, ಗದಗಿನಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ತರಿಸಿ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ 450, 500 ಎಂಬ ಅಂಕಿಯನ್ನು ನಂಬಿ ಹಣ ಎಣಿಸಬೇಡಿ. “450 ವ್ಯಾಟ್ ಐತ್ರಿ” ಅಂದರೆ, “12 ವೋಲ್ಟಿನಾಗ ಎಷ್ಟು ಆಂಪ್ಸ್ ಐತಿ, ಲೇಬಲ್ ತೋರಿಸ್ರಿ” ಅನ್ನಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನಿಂದಲೇ. 5 ಮತ್ತು 3.3 ವೋಲ್ಟಿನ ಸಾಲಿನಲ್ಲಿ ಎಷ್ಟು ದೊಡ್ಡ ಅಂಕಿ ಇದ್ದರೂ ಅವಕ್ಕೆ ಉಪಯೋಗವಿಲ್ಲ. ಲೇಬಲ್ಲಿನಲ್ಲಿ 12 ವೋಲ್ಟಿಗೆ 14 ಆಂಪಿಯರ್ ಎಂದಿದ್ದರೆ 12 ಗುಣಿಸು 14, ಅಂದರೆ 168 ವ್ಯಾಟ್. ಹೆಸರಿಗೆ 450, ಕೆಲಸಕ್ಕೆ 168. ಒಳ್ಳೆಯ 450 ವ್ಯಾಟಿನದರಲ್ಲಿ ಆ ಸಾಲಿನಲ್ಲಿ 36 ಆಂಪಿಯರಿನ ಆಸುಪಾಸು ಇರುತ್ತದೆ. ಕೆಲವದರಲ್ಲಿ 12 ವೋಲ್ಟಿನ ಸಾಲು ಎರಡಿರುತ್ತವೆ. ಎರಡರ ಆಂಪಿಯರ್ ಕೂಡಿಸಬೇಡಿ; ಎರಡೂ ಸೇರಿ ಗರಿಷ್ಠ ಇಷ್ಟು ವ್ಯಾಟ್ ಎಂದು ಕೆಳಗೆ ಬರೆದಿರುವುದೇ ನಿಜವಾದ ಲೆಕ್ಕ. 12 ವೋಲ್ಟಿನ ಸಾಲನ್ನೇ ಮುದ್ರಿಸದ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ.

ಎಷ್ಟು ಬೇಕು? ಪ್ರೊಸೆಸರಿನ ಮೇಲೆ 65 ವ್ಯಾಟ್ ಎಂದಿದ್ದರೂ ಓಟದಲ್ಲಿ ಅದು ಹೆಚ್ಚು ತಿನ್ನುತ್ತದೆ. ಇಂಟೆಲ್ ಐ5-12400ಕ್ಕೆ ಕಂಪನಿಯೇ ಹೇಳುವ ಗರಿಷ್ಠ 117 ವ್ಯಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ 50 ಹಿಡಿಯಿರಿ. ತಿರುಗುವ ಹಾರ್ಡ್‌ಡಿಸ್ಕ್ ಏಳುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆಯಬಹುದು, ಅದು 24 ವ್ಯಾಟ್. ಒಟ್ಟು 190ರ ಹತ್ತಿರ. ಆಫೀಸು, ಅಂಗಡಿ, ಝೆರಾಕ್ಸ್ ಸೆಂಟರಿನ ಪಿಸಿಗೆ ಒಳ್ಳೆಯ 400 ಅಥವಾ 450 ಧಾರಾಳ. ಆರ್‌ಟಿಎಕ್ಸ್ 3060 ಥರದ 170 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್ ಸೇರಿದರೆ 360 ಆಗುತ್ತದೆ. ಆ ಕಾರ್ಡಿನ ಕಂಪನಿ ಎನ್‌ವಿಡಿಯಾ ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ಆ ಅಂತರ ಸುಮ್ಮನೆ ಇಟ್ಟದ್ದಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಲವೇ ಮಿಲಿಸೆಕೆಂಡುಗಳ ಕಾಲ ತನ್ನ ಲೆಕ್ಕ ಮೀರಿ ಗಬಕ್ಕನೆ ಎಳೆಯುತ್ತದೆ, ಆಗ ಸಣ್ಣ ಎಸ್‌ಎಂಪಿಎಸ್ ಕೈಚೆಲ್ಲುತ್ತದೆ. ಹಾಗಂತ ಬಿಲ್ಲಿಂಗ್ ಪಿಸಿಗೆ 850 ವ್ಯಾಟ್ ಹಾಕುವುದು ಹಣ ದಂಡ. ಅದರಿಂದ ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಎಂಬ ಹೆದರಿಕೆ ಮಾತ್ರ ಸುಳ್ಳು. ಕಂಪ್ಯೂಟರ್ ಕೇಳಿದಷ್ಟನ್ನೇ ಅದು ಎಳೆಯುವುದು.

ಎಸ್‌ಎಂಪಿಎಸ್ ಎಷ್ಟು ಕಡಿಮೆ ಕರೆಂಟ್ ಪೋಲು ಮಾಡುತ್ತದೆ ಎಂದು ಬ್ರಾಂಜ್, ಗೋಲ್ಡ್ ಮುಂತಾದ ದರ್ಜೆಗಳಲ್ಲಿ ಹೇಳುವ 80 ಪ್ಲಸ್ ಗುರುತಿನ ಬಗ್ಗೆಯೂ ಲೆಕ್ಕ ಹಾಕಿಯೇ ಮಾತಾಡೋಣ. 70 ವ್ಯಾಟ್ ಉಣ್ಣುವ ಆಫೀಸ್ ಪಿಸಿಗೆ 70 ಪ್ರತಿಶತ ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ 100 ವ್ಯಾಟ್ ಎಳೆಯುತ್ತದೆ, 85 ಪ್ರತಿಶತದ್ದು 82. ದಿನಕ್ಕೆ 8 ತಾಸಿನಂತೆ 25 ದಿನಕ್ಕೆ ಉಳಿಯುವುದು ಮೂರೂವರೆ ಯೂನಿಟ್. ಅಷ್ಟಕ್ಕಾಗಿ ಗೋಲ್ಡ್ ಬೇಕಿಲ್ಲ. ಬ್ರಾಂಜ್ ಸಾಕು, ಅದೂ ಉಳಿತಾಯಕ್ಕಿಂತ ಒಳಗಿನ ಮಾಲಿಗಾಗಿ. ಪೆಟ್ಟಿಗೆಯ ಮೇಲೆ ಓವರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆ ಎಂದು ಬರೆದಿದೆಯೇ, ವಾರಂಟಿ ಮೂರು ವರ್ಷವೋ ಐದೋ, ಕೆಟ್ಟರೆ ಹುಬ್ಬಳ್ಳಿಯಲ್ಲೇ ಬದಲಿಸಿಕೊಡುತ್ತಾರೋ ಬೆಂಗಳೂರಿಗೆ ಕಳಿಸಬೇಕೋ ಎಂದು ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

ಗೋಡೆಯ ಕಡೆಯೂ ನೋಡಬೇಕು. ಹೆಸ್ಕಾಂ ಲೈನಿನಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ ಹಳ್ಳಿ ಕಡೆ ವೋಲ್ಟೇಜ್ ಇಳಿಯುತ್ತದೆ. ಲೇಬಲ್ಲಿನಲ್ಲಿ ಇನ್‌ಪುಟ್ 220–240 ಎಂದಿರುವ ಎಸ್‌ಎಂಪಿಎಸ್ ಆಗ ತಡವರಿಸುತ್ತದೆ, 100–240 ಎಂದಿರುವುದು ತಡೆದುಕೊಳ್ಳುತ್ತದೆ. ರೋಣ, ಶಿಗ್ಗಾಂವಿ ಕಡೆಯ ಹಳ್ಳಿಗೆ ಒಯ್ಯುವುದಾದರೆ ಎರಡನೆಯದನ್ನೇ ಆರಿಸಿ. ನ್ಯೂಟ್ರಲ್ ಕಡಿದು 400 ವೋಲ್ಟಿನವರೆಗೆ ಏರಿದರೆ ಮಾತ್ರ ಯಾವ ಎಸ್‌ಎಂಪಿಎಸ್ಸೂ ಉಳಿಯದು, ಸ್ಪೈಕ್ ಬಸ್ಟರಿನಿಂದಲೂ ಅದು ನಿಲ್ಲದು. ಅಲ್ಲಿ ಹೈ ವೋಲ್ಟೇಜಿಗೆ ಕಟ್ ಆಗುವ ಸ್ಟೆಬಿಲೈಸರ್ ಬೇಕು.

ಕರೆಂಟ್ ಹೋದಾಗ ಇನ್ವರ್ಟರ್ ಎತ್ತಿಕೊಂಡರೂ, ಟಿವಿ ನಡೆಯುತ್ತಿದ್ದರೂ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆಯೇ? ಎಲ್ಲರೂ ಇನ್ವರ್ಟರನ್ನೇ ಬೈಯುತ್ತಾರೆ. ಮೊದಲು ಅದರ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ಅದು ಸರಿ ಇದ್ದರೆ ಬಹುತೇಕ ತಪ್ಪು ಎಸ್‌ಎಂಪಿಎಸ್‌ನದು. ಕರೆಂಟ್ ತಪ್ಪಿದ ಮೇಲೂ ಅದು ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿದು ನಿಲ್ಲಬೇಕು. ಅಗ್ಗದ್ದರಲ್ಲಿ ದೊಡ್ಡ ಕೆಪಾಸಿಟರೇ ಸಣ್ಣದು, ಅಷ್ಟು ಹೊತ್ತು ನಿಲ್ಲುವ ಶಕ್ತಿ ಇಲ್ಲ. ಯುಪಿಎಸ್ ಇದ್ದರೆ ಅದರ ತಾಕತ್ತನ್ನೂ ನೋಡಿ: 600 ವಿಎ ಎಂಬುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಎಸ್‌ಎಂಪಿಎಸ್ ಬದಲಿಸುವವರಿದ್ದಾರೆ. ಬದಲಿಸಿದರೂ ಜುಮ್ ಅನ್ನುವುದು ನಿಲ್ಲದು. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಅರ್ಥಿಂಗಿಗೆ ಬಿಡುವಂತೆಯೇ ಕಟ್ಟಲಾಗಿದೆ. ಅರ್ಥ್ ಇಲ್ಲದಿದ್ದರೆ ಡಬ್ಬಿಯ ಮೇಲೆ ಮೇನ್ಸಿನ ಅರ್ಧ, ಸುಮಾರು 115 ವೋಲ್ಟ್ ತೇಲುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲೂ ಹೀಗಾಗುತ್ತದೆ. ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥ್ ವೈರ್ ನಿಜವಾಗಿ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಕೂರುತ್ತದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲೇ ಅಳೆದು ಹೋಗಿ. ಎಟಿಎಕ್ಸ್ ಎಂಬ ಮಾಮೂಲಿ ಅಳತೆಯ ಡಬ್ಬಿ 150 ಮಿಮೀ ಅಗಲ, 86 ಮಿಮೀ ಎತ್ತರ, 140 ಮಿಮೀ ಅಥವಾ ಹೆಚ್ಚು ಉದ್ದ. ತೆಳು ಕ್ಯಾಬಿನೆಟ್ಟಿನವು ಬೇರೆ ಅಳತೆಯವು. ಸೆಕೆಂಡ್ ಹ್ಯಾಂಡ್ ಬರುವ ಡೆಲ್, ಎಚ್‌ಪಿ, ಲೆನೊವೊ ಆಫೀಸ್ ಪಿಸಿಗಳನ್ನು ತೆರೆದು ಬೋರ್ಡಿನ ಪಿನ್ ಎಣಿಸಲೇಬೇಕು. ಹಲವು ಮಾಡೆಲ್‌ಗಳಲ್ಲಿ 24ರ ಬದಲು 6, 8, 10 ಅಥವಾ 14 ಪಿನ್ ಇರುತ್ತದೆ, ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಅದಕ್ಕೆ ಹತ್ತುವುದಿಲ್ಲ. ಹಳೆಯದರ ಪಾರ್ಟ್ ನಂಬರಿನ ಫೋಟೊ ತೆಗೆದುಕೊಂಡು ಅದನ್ನೇ ಹುಡುಕಿ.

ಪ್ರೊಸೆಸರಿಗೆ ಹೋಗುವ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಅಣ್ಣತಮ್ಮರಂತಿವೆ, ಆದರೆ 12 ವೋಲ್ಟ್ ಮತ್ತು ಕಪ್ಪು ವೈರಿನ ಜಾಗ ಅದಲುಬದಲು. ಒತ್ತಿ ಕೂರಿಸಿದರೆ ಹೊಗೆ. ಗ್ರಾಫಿಕ್ಸ್ ಕಾರ್ಡಿನದು 6+2 ಆಗಿ ಒಡೆಯುತ್ತದೆ, ಪ್ರೊಸೆಸರಿನದು 4+4 ಆಗಿ. ಕೇಬಲ್ ಬಿಚ್ಚಿಡಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ತಂದರೆ ಹಳೆಯದರ ಕೇಬಲ್ ಒಂದನ್ನೂ ಬಳಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳಿಗೆ ಕಂಪನಿಗಳ ನಡುವೆ ಒಂದೇ ನಿಯಮ ಇಲ್ಲ. 5 ವೋಲ್ಟಿನ ಜಾಗಕ್ಕೆ 12 ಹೋಗಿ ಹಾರ್ಡ್‌ಡಿಸ್ಕ್ ಸುಡುತ್ತದೆ, ಜೊತೆಗೆ ಅದರೊಳಗಿನ ಲೆಕ್ಕಪತ್ರವೆಲ್ಲ ಹೋಗುತ್ತದೆ. ಹಾರ್ಡ್‌ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪ್ಲಗ್ ಕಡಿಮೆ ಬಿತ್ತೆಂದು ಹಳೆಯ ನಾಲ್ಕು ಪಿನ್ನಿನಿಂದ ಸಾಟಾಗೆ ತಿರುಗಿಸುವ, ಪ್ಲಾಸ್ಟಿಕ್ ಎರಕದ ಅಗ್ಗದ ಕನ್ವರ್ಟರ್ ಹಾಕಬೇಡಿ. ಎರಕದೊಳಗೆ ವೈರ್‌ಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ.

ಕೂರಿಸುವುದು ನಾಲ್ಕು ಸ್ಕ್ರೂಗಳ ಕೆಲಸ. ಹಿಂದೆ 115/230ರ ಕೆಂಪು ಸ್ವಿಚ್ ಇದ್ದರೆ 230ರಲ್ಲಿದೆಯೇ ಎಂದು ಎರಡು ಸಲ ನೋಡಿ. 115ರಲ್ಲಿಟ್ಟು ಕರೆಂಟ್ ಕೊಟ್ಟರೆ ಢಂ ಎಂಬ ಸದ್ದಿನೊಂದಿಗೆ ಮುಗಿಯಿತು. ಎಸ್‌ಎಂಪಿಎಸ್ ಕೆಳಗೆ ಕೂರುವ ಕ್ಯಾಬಿನೆಟ್ಟಿನ ತಳದಲ್ಲಿ ಜಾಲರಿ ಇದ್ದರೆ ಫ್ಯಾನ್ ಕೆಳಮುಖ, ಇಲ್ಲದಿದ್ದರೆ ಮೇಲ್ಮುಖ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿ, ಹತ್ತಿ ಜಿನ್ನಿಂಗ್ ಮಿಲ್ಲಿನಂಥ ಜಾಗದಲ್ಲಿ ನೆಲದ ಮೇಲೆ ಇಡಲೇಬೇಡಿ. ಒಂದೂವರೆ ಅಡಿ ಎತ್ತರದ ಸ್ಟ್ಯಾಂಡ್ ಮಾಡಿಸಿ, ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನ್ ತಿರುಗದಂತೆ ಕಡ್ಡಿ ಅಡ್ಡ ಇಡಿ.

ಕೇಬಲ್ ಕಟ್ಟುವ ಮುಂಚೆ ಒಮ್ಮೆ ಚಾಲೂ ಮಾಡಿ, ಭಾರದ ಕೆಲಸ ಕೊಟ್ಟು ಹಳದಿ ವೈರಿನ ವೋಲ್ಟೇಜ್ ಅಳೆಯಿರಿ. ಬಂದ ಅಂಕಿಯನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ. ಎರಡು ವರ್ಷದ ಮೇಲೆ ಮತ್ತೆ ರೀಸ್ಟಾರ್ಟ್ ಕಾಟ ಶುರುವಾದರೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.