ಅಡಿಕೆ ಹಾಳೆ ಬಸ್ಸು ಹತ್ತಿ, ಮರ ಗುರುತಿಸಲು ಕಲಿತ ಮಕ್ಕಳು: ನನ್ನ ಅನುಭವ

ಅಂಗನವಾಡಿ ಮಕ್ಕಳಿಗೆ ಮರ ಗುರುತಿಸುವುದನ್ನು ಕಲಿಸಬಹುದು. ಶಿರಸಿ ತಾಲ್ಲೂಕಿನ ನಮ್ಮ ಕೇಂದ್ರದ ನಾಲ್ಕು–ಐದು ವರ್ಷದ ಮಕ್ಕಳು ಈಗ ಸುಮಾರು ಹನ್ನೆರಡು ಮರಗಳ ಹೆಸರು ಹೇಳುತ್ತಾರೆ. ಅದರಲ್ಲಿ ಏಳೆಂಟನ್ನು ಕಣ್ಣಿಗೆ ಬಟ್ಟೆ ಕಟ್ಟಿದರೂ ತೊಗಟೆ ಮುಟ್ಟಿಯೇ ಹೇಳುತ್ತಾರೆ. ಮೂರ್ನಾಲ್ಕು ವರ್ಷದ ಹಿಂದೆ ಶುರು ಮಾಡಿದಾಗ ನನ್ನ ಸಹಾಯಕಿಯನ್ನು ಬಿಟ್ಟರೆ ಯಾರಿಗೂ ನಂಬಿಕೆ ಇರಲಿಲ್ಲ. ಸಿದ್ದಾಪುರ, ಯಲ್ಲಾಪುರ ಕಡೆಯ ಅಂಗನವಾಡಿ ಗೆಳತಿಯರು ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ. ಅದಕ್ಕೇ, ಅಡಿಕೆ ಗರಿಯ ಬುಡದ ಅಗಲ ಹಾಳೆಯನ್ನು ಬಸ್ಸು ಮಾಡಿದ ನಮ್ಮ ಆಟದ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಚಾರ್ಟ್‌ನಲ್ಲಿರುವ ಮರ ನಿಮಗೆಲ್ಲ ಗೊತ್ತು. ಕಂದು ಕಂಬ, ಮೇಲೆ ಹಸಿರು ಉಂಡೆ, ಅದರಲ್ಲಿ ನಾಲ್ಕು ಸೇಬು. ಶಿರಸಿಯ ಮಗುವಿಗೆ ಸೇಬಿನ ಮರ ಎಂತಕ್ಕೆ ಬೇಕು ಅಂತ ನಾನೇ ಊರಿನ ಮರಗಳ ಫೋಟೋ ತೆಗೆದೆ. ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಶನ್ ಮಾಡಿಸಿದೆ. ಎಂಟುನೂರೋ ಒಂಬೈನೂರೋ ಆಯಿತು. ಮಕ್ಕಳು ಫೋಟೋ ನೋಡಿ ‘ಮತ್ತಿ’, ‘ನಂದಿ’ ಅಂತ ಪಟಪಟ ಹೇಳಲು ಕಲಿತರು. ಆದರೆ ಅದೇ ಮತ್ತಿಮರದ ಬುಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ನನ್ನ ಮುಖ ನೋಡುತ್ತಿದ್ದರು. ಆಮೇಲೆ ಪೇಂಟರ್ ಹಿಡಿದು ತಗಡಿನ ಮೇಲೆ ಹೆಸರು ಬರೆಸಿ ಮರಕ್ಕೆ ಕಟ್ಟಿಸಿದ್ದಾಯಿತು. ಅದಕ್ಕೆ ಸಾವಿರದ ಮೇಲೆ ಹೋಯಿತು. ಬಂದು ಹೋಗುವ ದೊಡ್ಡವರು ಓದಿ ಹೊಗಳಿದರು. ಓದಲು ಬಾರದ ಮಕ್ಕಳಿಗೆ ಅದು ಬರೀ ತಗಡು.

ಗಿಡ ನೆಡಿಸಿಯೂ ನೋಡಿದೆ. ಜೂನ್ ಮಳೆಗೆ ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ತಂದು ಮಗುವಿಗೊಂದರಂತೆ ನೆಟ್ಟೆವು. ದೀಪಾವಳಿ ಹೊತ್ತಿಗೆ ಮೂರೋ ನಾಲ್ಕೋ ಉಳಿದಿದ್ದವು, ಮಿಕ್ಕದ್ದೆಲ್ಲ ದನದ ಪಾಲು. ಬೇಲಿ ಕಟ್ಟಲು ದುಡ್ಡಿರಲಿಲ್ಲ. ಒಂದೂವರೆ ಅಡಿ ಸಸಿ ಮುಂದೊಂದು ದಿನ ಮರ ಆಗುತ್ತದೆ ಅನ್ನುವುದು ನಾಲ್ಕು ವರ್ಷದ ಮಗುವಿಗೆ ತಲೆಗೆ ಹೋಗುವ ಮಾತೂ ಅಲ್ಲ.

ಫೋಟೋ ಯಾಕೆ ಕೆಲಸ ಮಾಡಲಿಲ್ಲ ಅಂತ ಬಹಳ ದಿನ ಯೋಚಿಸಿದೆ. ಕೊನೆಗೆ ಮಕ್ಕಳ ಪಕ್ಕ ನೆಲದ ಮೇಲೆ ಕೂತು ಮರ ನೋಡಿದಾಗ ಹೊಳೆಯಿತು. ಮೂರು ಅಡಿ ಎತ್ತರದ ಮಗುವಿಗೆ ಮರ ಅಂದರೆ ಬುಡ. ಬೇರು, ತೊಗಟೆ, ಅದರ ಮೇಲಿನ ಇರುವೆ, ಕೆಳಗೆ ಬಿದ್ದ ಎಲೆ, ಕಾಯಿ, ಬೀಜ. ಮೇಲಿನ ಹಸಿರೆಲ್ಲ ಅವರಿಗೆ ಒಂದೇ ಥರ. ನಾವು ಮೇಲಿಂದ ಕೆಳಗೆ ಕಲಿಸುತ್ತೇವೆ, ಅವರು ಕೆಳಗಿಂದ ನೋಡುತ್ತಾರೆ. ಇಷ್ಟು ಗೊತ್ತಾದ ಮೇಲೆ ಪಾಠವನ್ನೆಲ್ಲ ಬುಡಕ್ಕೇ ಇಳಿಸಿದೆ.

ಬುಡಕ್ಕೆ ಮಕ್ಕಳನ್ನು ದಿನಾ ಕರೆದುಕೊಂಡು ಹೋಗುವುದು ಹೇಗೆ? ತೋಟಕ್ಕೆ ಸೊಪ್ಪು ತರುವ ಕಾಡು, ನಮ್ಮ ಸೊಪ್ಪಿನ ಬೆಟ್ಟಕ್ಕೆ ಹೋಗೋಣ ಅಂದರೆ ನಮ್ಮ ಕಡೆ ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆಯ ಭಯ ಇದೆ, ಅದು ನಿಜವಾದ ಭಯ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ರೋಗ. ಮಳೆ ಮುಗಿದು ದರಕು, ಅಂದರೆ ಉದುರಿದ ಎಲೆ, ಒಣಗಿದ ಮೇಲೆ ಮರಿ ಉಣ್ಣಿಗಳು ಜಾಸ್ತಿ. ನವೆಂಬರ್‌ನಿಂದ ಮೇ ತನಕ ಮಕ್ಕಳನ್ನು ಬೆಟ್ಟಕ್ಕೆ ಕಾಲಿಡಲು ನಾನು ಬಿಡುವುದಿಲ್ಲ, ನೀವೂ ಬಿಡಬೇಡಿ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ. ಹಾಗಾಗಿ ಕೇಂದ್ರದ ಸುತ್ತ ನೂರು–ನೂರೈವತ್ತು ಮೀಟರ್ ಒಳಗೆ, ದಿನಾ ಗುಡಿಸುವ ಜಾಗದಲ್ಲಿ ಇರುವ ಮರಗಳೇ ಸಾಕು ಅಂತ ತೀರ್ಮಾನ ಮಾಡಿದೆ. ಎಣಿಸಿದರೆ ಹಲಸು, ಮಾವು, ಮತ್ತಿ, ನಂದಿ, ಹೊನ್ನೆ, ಸಾಗವಾನಿ, ಬೂರಲ, ಮುರುಗಲು, ನೇರಳೆ, ಅತ್ತಿ, ರಂಜಲು, ಗೇರು, ಎಲ್ಲ ಸಿಕ್ಕವು. ಶಿರಸಿ ಸೀಮೆಯಲ್ಲಿ ಬಹುಪಾಲು ಕೇಂದ್ರಗಳ ಸುತ್ತ ಇಷ್ಟು ಸಿಗುತ್ತದೆ.

ಆಗ ಬಂದದ್ದು ಹಾಳೆ. ಅಡಿಕೆ ಹಾಳೆಯ ಮೇಲೆ ಒಬ್ಬರು ಕೂರುವುದು, ಇನ್ನೊಬ್ಬರು ಗರಿಯ ತುದಿ ಹಿಡಿದು ಎಳೆಯುವುದು. ನಾವೆಲ್ಲ ಆಡಿದ ಆಟ. ನಾನು ಅದನ್ನು ಬಸ್ ಮಾಡಿದೆ. ಒಂದೊಂದು ಮರ ಒಂದೊಂದು ಸ್ಟಾಪ್. ಮರದ ಬುಡದಲ್ಲಿ ಒಂದು ಚಿರೆಕಲ್ಲು ಇಟ್ಟು ಕೆಮ್ಮಣ್ಣು ಬಳಿದು, ಅದರ ಮೇಲೆ ಶೇಡಿ ಅನ್ನುವ ಬಿಳಿ ಮಣ್ಣಿನಲ್ಲಿ ಒಂದು ಗುರುತು. ಬೂರಲಕ್ಕೆ ಮುಳ್ಳು, ಹೊನ್ನೆಗೆ ಗುಂಡು ಬೀಜ, ಅತ್ತಿಗೆ ಬುಡಕ್ಕಂಟಿದ ಹಣ್ಣು. ಶೇಡಿ ಕೆಲಸ ನಮ್ಮ ಸಹಾಯಕಿಯದು, ಗೋಡೆಗೆ ಹಸೆ ಚಿತ್ತಾರ ಬರೆಯುವ ಮನೆಯವರು.

ಒಬ್ಬ ಮಗು ಕಂಡಕ್ಟರ್. “ಮತ್ತಿ ಸ್ಟಾಪ್! ಮತ್ತಿ ಸ್ಟಾಪ್! ಇಳಿಯೋರು ಬೇಗ ಬೇಗ!” ಇಳಿಯುವವರ ಕೈಯಲ್ಲಿ ಟಿಕೆಟ್ ಇರಬೇಕು. ಟಿಕೆಟ್ ಅಂದರೆ ಆ ಮರದ ಉದುರಿದ ಎಲೆ. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಎಲೆಗಳ ಬುಟ್ಟಿಯಿಂದ ತಮಗೆ ಬೇಕಾದ ಎಲೆ ಆರಿಸಿಕೊಳ್ಳುತ್ತಾರೆ. ಹಲಸಿನ ಎಲೆ ಹಿಡಿದು ನೇರಳೆ ಸ್ಟಾಪ್‌ನಲ್ಲಿ ಇಳಿಯಲು ಹೋದರೆ ಕಂಡಕ್ಟರ್ ಬಿಡುವುದಿಲ್ಲ. ನಾನು ಬಾಯಿ ಹಾಕುವುದೇ ಬೇಡ. ಇಳಿದವರು ಮರ ಮುಟ್ಟಿ, ಅದರ ಬುಡದಲ್ಲಿ ಬಿದ್ದದ್ದು ಏನಾದರೂ ಒಂದು ತರಬೇಕು. ಸಂಜೆಗೆ ಹೆಸರು ಬಾಯಿಗೆ ಬಂದಿರುತ್ತದೆ. ಎರಡು ವಾರದಲ್ಲಿ ಆರೇಳು ಹೆಸರು ಗಟ್ಟಿಯಾದವು. ಎಲ್ಲರಿಗೂ ಕಂಡಕ್ಟರೇ ಆಗಬೇಕು, ಜಗಳ ಖಂಡಿತ. ಅದನ್ನು ನಿಲ್ಲಿಸಲು ನನ್ನದೊಂದು ಉಪಾಯ ಇದೆ. ಅದನ್ನೂ, ನಮ್ಮ ಬಸ್ಸಿನ ಹಾಡನ್ನೂ ಇಲ್ಲಿ ಬರೆಯುವುದಿಲ್ಲ. ಕೇಂದ್ರಕ್ಕೆ ಬಂದವರಿಗೆ ತೋರಿಸುತ್ತೇನೆ.

ಹಾಳೆ ಬಗ್ಗೆ ಎರಡು ಮಾತು. ಒಣ ಹಾಳೆ ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಒಂದು ಗಂಟೆಯೂ ತಡೆಯುವುದಿಲ್ಲ, ಸೀಳುತ್ತದೆ. ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಎರಡು ಹಾಳೆ ಒಂದರ ಮೇಲೊಂದು ಇಡಿ. ದಾರಿಗೆ ಅಡಿಕೆ ಸಿಪ್ಪೆ ಹರಡಿ. ಸುಗ್ಗಿ ಮುಗಿದ ಮೇಲೆ ಯಾವ ಮನೆಯಲ್ಲಿ ಕೇಳಿದರೂ ಚೀಲಗಟ್ಟಲೆ ಕೊಡುತ್ತಾರೆ. ಹೀಗೆ ಮಾಡಿದರೆ ಹಾಳೆ ಎರಡು–ಮೂರು ದಿನ ಬರುತ್ತದೆ, ಬಿದ್ದರೂ ಮಂಡಿ ತರಚುವುದಿಲ್ಲ. ಹಾಳೆ ಪುಕ್ಕಟೆ ಸಿಗುವ ಕಾಲ ಮಾತ್ರ ಹೋಯಿತು. ತಟ್ಟೆ ಮಾಡುವವರು ಹಾಳೆಗೂ ದುಡ್ಡು ಕೊಡುತ್ತಾರೆ. ತಾಯಂದಿರ ಸಭೆಯಲ್ಲಿ ಹೇಳಿ, ತೋಟ ಇರುವ ಮನೆಯಿಂದ ವಾರಕ್ಕೆ ನಾಲ್ಕು ಹಾಳೆ ಅಂತ ಸರದಿ ಮಾಡಿಸಿದೆ.

ಬಸ್ಸು ಚೆನ್ನಾಗಿ ಓಡಿದ ಮೇಲೆ ಅಪ್ಪಿಕೊಳ್ಳುವ ಆಟ. ಎಷ್ಟು ಮಕ್ಕಳು ಕೈ ಕೈ ಹಿಡಿದರೆ ಮರದ ಸುತ್ತು ಮುಗಿಯುತ್ತದೆ? ನಂದಿ ಮೂರು ಮಕ್ಕಳ ಮರ, ರಸ್ತೆ ಬದಿಯ ಮಾವು ಐದು ಮಕ್ಕಳ ಮರ. ಸಾಗವಾನಿಗೆ ಒಬ್ಬನೇ ಸಾಕು. “ಅಕ್ಕೋರೇ, ಆಟ ಸಾಕು, ಲೆಕ್ಕ ಕಲಿಸಿ” ಅಂತಿದ್ದ ತಾಯಂದಿರು ಇದನ್ನು ನೋಡಿದ ಮೇಲೆ ಸುಮ್ಮನಾದರು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತು ಕೊಡಲಿ ತಡೆದರಲ್ಲ, ಆ ಅಪ್ಪಿಕೋ ಚಳವಳಿ ಹುಟ್ಟಿದ ತಾಲ್ಲೂಕು ನಮ್ಮದು. ನಮ್ಮ ಮಕ್ಕಳು ಮರ ಅಪ್ಪಿ ನಿಂತಾಗ ನನಗೆ ಹೆಮ್ಮೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅಪ್ಪಿದಾಗ ಕೆನ್ನೆ ತೊಗಟೆಗೆ ತಾಗುತ್ತದೆ ಅಲ್ವಾ? ಕಣ್ಣು ಕಟ್ಟುವ ಆಟ ಹುಟ್ಟಿದ್ದು ಅಲ್ಲಿಂದ. ನಂದಿ ನುಣುಪು, ಮಧ್ಯಾಹ್ನವೂ ಕೈಗೆ ತಂಪು. ಮತ್ತಿಯ ತೊಗಟೆ ಚೌಕ ಚೌಕವಾಗಿ ಸೀಳಿರುತ್ತದೆ, ಮಕ್ಕಳು ಅದನ್ನು ‘ಮೊಸಳೆ ಬೆನ್ನು’ ಅನ್ನುತ್ತಾರೆ. ಬೂರಲದ ಎಳೆಮರಕ್ಕೆ ಮುಳ್ಳು, ಅಲ್ಲಿ ಒಂದು ಬೆರಳು ಮಾತ್ರ, ನಿಧಾನವಾಗಿ. ಮುರುಗಲಿನ ಎಲೆ ಜಗಿದರೆ ಹುಳಿ. ಮೂರು ವರ್ಷದವರು ಬಟ್ಟೆ ಕಟ್ಟಿಸಿಕೊಳ್ಳಲು ಅಳುತ್ತಾರೆ. ಅವರಿಗೆ ನನ್ನ ಸೆರಗೇ ಸಾಕು. ಬೇಸಿಗೆಯಲ್ಲಿ ಮತ್ತಿ ಎಲೆ ಉದುರಿಸಿ ಬೋಳಾಗಿ ನಿಂತಾಗಲೂ ಇವರು ತಪ್ಪಲಿಲ್ಲ. ಎಲೆ ನೋಡಿ ಮರ ಹೇಳುವ ದೊಡ್ಡವರು ಆಗ ತಡವರಿಸುತ್ತಾರೆ.

ಒಬ್ಬ ಅಜ್ಜ ಇದನ್ನು ನಂಬಲೇ ಇಲ್ಲ. “ಬಾಯಿಪಾಠ ಮಾಡ್ಸಿದೀರಿ” ಅಂದರು. ಮರುದಿನ ಮನೆಯ ಕಟ್ಟಿಗೆ ರಾಶಿಯಿಂದ ತೊಗಟೆ ಇದ್ದ ನಾಲ್ಕೈದು ತುಂಡು ಹೊತ್ತು ತಂದರು. ಮಕ್ಕಳು ಸುತ್ತ ಕೂತು ಒಂದೊಂದೇ ಸವರಿ ಮತ್ತಿ, ಹಲಸು, ನಂದಿ ಅಂದರು. ಕೊನೆಯ ತುಂಡು ಕೈಯಿಂದ ಕೈಗೆ ಹೋಯಿತು. ಯಾರೂ ಮಾತಾಡಲಿಲ್ಲ. ಒಬ್ಬಳು ಹುಡುಗಿ ಅದನ್ನು ತಿರುಗಿಸಿ, ಮೂಸಿ, ಅಜ್ಜನ ಕೈಗೇ ವಾಪಸ್ ಕೊಟ್ಟಳು. “ಅಜ್ಜಾ, ಇದು ನಮ್ಮ ಬಸ್ಸಿನ ದಾರಿಯಲ್ಲಿಲ್ಲ.” ಅದು ಅಕೇಶಿಯಾ. ನಮ್ಮ ಆವರಣದಲ್ಲಿ ಅಕೇಶಿಯಾ ಇಲ್ಲವೇ ಇಲ್ಲ. ಆ ಅಜ್ಜ ಈಗ ನಮಗೆ ಹಾಳೆ ತಂದುಕೊಡುವವರಲ್ಲಿ ಮೊದಲಿಗರು. ಪರಿಶೀಲನೆಗೆ ಬಂದು “ಇದೆಲ್ಲ ಸಮಯ ಹಾಳು” ಅಂತ ಹೇಳಿ ಹೋಗಿದ್ದ ಮೇಲಿನವರೊಬ್ಬರು, ಮುಂದಿನ ಸಲ ಬಂದಾಗ ಫೋನ್ ತೆಗೆದು ವಿಡಿಯೋ ಮಾಡಿಕೊಂಡರು.

ನಡುವೆ ಬೇರೆ ಪ್ರಯೋಗವೂ ಮಾಡಿದೆವು. ಸಾಗವಾನಿಯ ಎಳೆ ಎಲೆ ಅಂಗೈಯಲ್ಲಿ ತಿಕ್ಕಿದರೆ ಕೆಂಪು ಬರುತ್ತದೆ. ಆ ಕೈಯನ್ನು ಹಳೆ ಪಂಚೆ ಮೇಲೆ ಒತ್ತಿಸಿ ಪರದೆ ಮಾಡಿದೆವು. ತೊಳೆದ ಮೇಲೆ ಬಣ್ಣ ಮಾಸಿತು, ಇನ್ನೂ ಹದ ಸಿಕ್ಕಿಲ್ಲ. ಬೀಜದ ಪಂದ್ಯ ಮಾತ್ರ ಗೆದ್ದಿತು. ಜಗುಲಿಯ ಮೇಲೆ ಬೆಂಚು ಹಾಕಿ, ಹೊನ್ನೆಯ ಗುಂಡು ರೆಕ್ಕೆಯ ಕಾಯಿ, ಮತ್ತಿಯ ಐದು ರೆಕ್ಕೆಯ ಕಾಯಿ, ಬೂರಲದ ಅರಳೆ, ಒಂದು ಹಲಸಿನ ಬೇಳೆ, ಎಲ್ಲ ಒಟ್ಟಿಗೆ ಬಿಡುವುದು. ಹಲಸಿನ ಬೇಳೆ ಟಪ್ ಅಂತ ಬೀಳುತ್ತದೆ, ಅರಳೆ ಅಂಗಳ ದಾಟಿ ಹೋಗುತ್ತದೆ. ಮರಿಮರಗಳು ತಾಯಿಮರದಿಂದ ದೂರ ಯಾಕೆ ಹುಟ್ಟುತ್ತವೆ ಅಂತ ನಾನು ಹೇಳಬೇಕಾಗಲೇ ಇಲ್ಲ. “ಅದು ಗಾಳಿ ಬಸ್ಸಲ್ಲಿ ಹೋಗ್ತದೆ” ಅಂದ ಒಬ್ಬ. ಮಳೆ ದಿನ ಜಗುಲಿಯಲ್ಲೇ ಕಣ್ಣು ಮುಚ್ಚಿ ಕೂತು ಮಳೆ ಯಾವ ಮರದ ಮೇಲೆ ಬೀಳುತ್ತಿದೆ ಅಂತ ಕೇಳಿಸಿಕೊಳ್ಳುತ್ತೇವೆ. ಸಾಗವಾನಿಯ ದೊಡ್ಡ ಎಲೆಯ ಸದ್ದು ಎಲ್ಲರಿಗೂ ಗೊತ್ತು. ಉಳಿದದ್ದು ಕಷ್ಟ.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ಆಟ ಶುರು ಮಾಡುವ ಮೊದಲು ಆವರಣ ಸುತ್ತಿ ನೋಡಿ. ಕಾಸರಕದ ಬೀಜ, ಗುಲಗಂಜಿ, ಎರಡೂ ವಿಷ, ಎರಡೂ ನೋಡಲು ಚಂದ, ಮಕ್ಕಳ ಕೈ ಅಲ್ಲಿಗೇ ಹೋಗುತ್ತದೆ. ಕಾಡುಗೇರಿನ ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ. ಗೇರುಹಣ್ಣು ತಿನ್ನಲಿ, ಹಸಿ ಗೇರುಬೀಜ ಮುಟ್ಟುವುದು ಬೇಡ, ಸಿಪ್ಪೆಯ ಎಣ್ಣೆ ಸುಡುತ್ತದೆ. ಬಾಯಿಗೆ ಏನೇ ಇಡುವ ಮೊದಲು ಅಕ್ಕೋರಿಗೆ ತೋರಿಸಬೇಕು, ಇದು ಬಸ್ಸಿನ ಮೊದಲ ನಿಯಮ. ಆಟ ಮುಗಿದ ಮೇಲೆ ಕೈಕಾಲು ತೊಳೆಸಿ, ಕಿವಿಯ ಹಿಂದೆ, ಮಂಡಿಯ ಹಿಂದೆ ಉಣ್ಣಿ ಇದೆಯೇ ಅಂತ ನೋಡುತ್ತೇವೆ. ಹದಿನೈದು–ಹದಿನೆಂಟು ಮಕ್ಕಳಿಗೆ ಕಾಲು ಗಂಟೆ ಬೇಕು.

ಈಗ ವರ್ಷಕ್ಕೆ ಖರ್ಚು ಮುನ್ನೂರು ರೂಪಾಯಿ ಆಸುಪಾಸು. ಹಗ್ಗ, ಎರಡು ಬುಟ್ಟಿ, ಒಂದಿಷ್ಟು ಶೇಡಿ. ಮೊದಲು ಚಾರ್ಟ್, ತಗಡಿಗೆ ಹಾಕಿದ ದುಡ್ಡಲ್ಲಿ ಆರೇಳು ವರ್ಷ ಬಸ್ಸು ಓಡಿಸಬಹುದಿತ್ತು.

ಕಾರವಾರದ ಗೆಳತಿಯೊಬ್ಬಳು, “ನಮ್ಮಲ್ಲಿ ಹಾಳೆ ಎಲ್ಲಿ ಸಿಗ್ತದೆ?” ಅಂತ ಕೇಳಿದಳು. ತೆಂಗಿನ ಮಡಲು, ಅಂದರೆ ಗರಿ, ಸಾಕು. ಮರಳಲ್ಲಿ ಅದು ಇನ್ನೂ ಚೆನ್ನಾಗಿ ಜಾರುತ್ತದೆ, ಸಿಪ್ಪೆ ಹರಡುವ ಕೆಲಸವೂ ಇಲ್ಲ. ಮಡಲಿನ ಬುಡದ ಅಂಚು ಮಾತ್ರ ಕತ್ತಿಯಲ್ಲಿ ಹೆರೆದು ನುಣುಪು ಮಾಡಿಕೊಳ್ಳಿ, ತೊಡೆ ಗೀರುತ್ತದೆ. ಸ್ಟಾಪ್‌ಗೆ ಗಾಳಿಮರ, ಸುರಹೊನ್ನೆ, ಹೊಂಗೆ, ತೆಂಗು, ಗೇರು ಇವೆ. ಮೊದಲ ವಾರ ಮೂರೇ ಸ್ಟಾಪ್ ಇಡಿ. ಮಕ್ಕಳೇ ನಾಲ್ಕನೆಯದನ್ನು ಕೇಳುವ ತನಕ ಹೆಚ್ಚಿಸಬೇಡಿ.