ತೇಗದ ಪಾರ್ಕೆಟ್ ನೆಲ ಕಿತ್ತು ಹಾಕಬೇಡಿ, ಮನೆಯಲ್ಲೇ ಹೊಸದು ಮಾಡಿ

ಮುಂಬೈ ಮನೆಗಳಲ್ಲಿ ಮೊಸಾಯಿಕ್, ಟೈಲ್ಸ್ ನೆಲವೇ ಜಾಸ್ತಿ. ಆದರೂ ದಾದರ್, ಮಾಟುಂಗಾ ಕಡೆ ಅಲ್ಲೊಂದು ಇಲ್ಲೊಂದು ಹಳೆಯ ಫ್ಲ್ಯಾಟಿನಲ್ಲಿ ತೇಗದ ಪಾರ್ಕೆಟ್, ಅಂದರೆ ಮರದ ಸಣ್ಣ ತುಂಡುಗಳನ್ನು ಜೋಡಿಸಿ ಮಾಡಿದ ನೆಲ, ಇನ್ನೂ ಉಳಿದಿದೆ. ಅದು ಮಾಸಿ ಕಪ್ಪಾಗಿದ್ದರೆ ಕಾಂಟ್ರ್ಯಾಕ್ಟರ್ ಮೊದಲು ಹೇಳುವ ಮಾತು ‘ತೆಗೆದು ಟೈಲ್ಸ್ ಹಾಕಿಸಿ’. ದಯವಿಟ್ಟು ಒಪ್ಪಬೇಡಿ. ಅಂಥ ಬಲಿತ ತೇಗ ಈಗ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಮಾಸಿದ ಮೇಲ್ಪದರ ಉಜ್ಜಿ ತೆಗೆದು ಹೊಸ ಪಾಲಿಶ್ ಹಚ್ಚಿದರೆ ಸಾಕು. ಒಂದು ರೂಮಿನ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು.

ಸಮಯ ನೋಡಿ ಶುರು ಮಾಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಜುಲೈಯಲ್ಲಿ ಇಲ್ಲಿನ ಗಾಳಿಯ ತೇವ ಶೇ. 80 ದಾಟುತ್ತದೆ. ಆಗ ಮರ ಉಬ್ಬಿರುತ್ತದೆ, ಪಾಲಿಶ್ ಬೇಗ ಒಣಗುವುದಿಲ್ಲ, ಕೆಲವು ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ಕಟ್ಟಡದ ಸೊಸೈಟಿಯವರಿಗೂ ಮೊದಲೇ ತಿಳಿಸಿ. ಮಧ್ಯಾಹ್ನದ ಹೊತ್ತು ಮಷಿನ್ ಸದ್ದಿಗೆ ಅನೇಕ ಕಡೆ ಅನುಮತಿ ಇರುವುದಿಲ್ಲ.

ಈಗ ಮರದ ದಪ್ಪ ನೋಡಿ. ಬಾಗಿಲ ಬಳಿಯ ಪಟ್ಟಿ ತೆಗೆದರೆ ಅಂಚು ಕಾಣುತ್ತದೆ. ಪೂರ್ತಿ ತೇಗದ ತುಂಡಾದರೆ ಹಲವು ಸಲ ಉಜ್ಜಬಹುದು. ಪ್ಲೈ ಮೇಲೆ 2 ಮಿ.ಮೀ. ತೇಗ ಅಂಟಿಸಿದ್ದಾದರೆ ಮಷಿನ್ ಬೇಡ, ಕೈಯಲ್ಲೇ ಹಗುರವಾಗಿ ಉಜ್ಜಿ ಸಾಕು ಮಾಡಿ.

ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ತುಂಡು ಸಡಿಲವಾಗಿದೆ ಎಂದರ್ಥ. ಎತ್ತಿ, ಧೂಳು ತೆಗೆದು, ಪಾರ್ಕೆಟ್ ಅಂಟಿನಿಂದ ಕೂರಿಸಿ, ಮೇಲೆ ಭಾರ ಇಟ್ಟು ಒಂದು ದಿನ ಬಿಡಿ. ಕೆಳಗೆ ಡಾಂಬರಿನಂಥ ಕಪ್ಪು ಅಂಟು ಕಂಡರೆ ಅದನ್ನು ಉಜ್ಜಬೇಡಿ. ಕೆಲವು ಹಳೆಯ ಕಪ್ಪು ಅಂಟುಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರುತ್ತಿತ್ತು. ಗೆದ್ದಲಿನ ಗುರುತಿದ್ದರೆ ಮೊದಲು ಅದಕ್ಕೆ ಔಷಧಿ ಮಾಡಿಸಿ. ಮೇಲೆದ್ದ ಮೊಳೆಗಳನ್ನು ಮರದೊಳಕ್ಕೆ ಇಳಿಸಿ, ಇಲ್ಲದಿದ್ದರೆ ಉಪ್ಪುಕಾಗದ ಹರಿದುಹೋಗುತ್ತದೆ.

ಉಜ್ಜುವ ಕೆಲಸಕ್ಕೇ ಹೆಚ್ಚು ಹೊತ್ತು, ಹೆಚ್ಚು ತಾಳ್ಮೆ ಬೇಕು. ನೆಲ ಉಜ್ಜುವ ದೊಡ್ಡ ಮಷಿನ್ (ಡ್ರಮ್ ಸ್ಯಾಂಡರ್) ಬಾಡಿಗೆಗೆ ತರುವ ಆಸೆಯಾಗುತ್ತದೆ, ಆದರೆ ಹೊಸಬರ ಕೈಯಲ್ಲಿ ಅದು ಒಂದೇ ಕ್ಷಣ ನಿಂತರೂ ಗುಂಡಿ ಬೀಳುತ್ತದೆ. ಕೈಯಲ್ಲಿ ಹಿಡಿದು ಉಜ್ಜುವ 150 ಮಿ.ಮೀ. ಆರ್ಬಿಟಲ್ ಸ್ಯಾಂಡರ್ ನಿಧಾನ, ಆದರೆ ಮರ ಉಳಿಯುತ್ತದೆ. ಉಪ್ಪುಕಾಗದ, ಬ್ರಶ್, ಮಾಸ್ಕ್ ಎಲ್ಲ ನಾಗದೇವಿ ಸ್ಟ್ರೀಟಿನಲ್ಲಿ ಸಿಗುತ್ತವೆ. ಉಪ್ಪುಕಾಗದದ ನಂಬರ್ ಕಡಿಮೆಯಾದಷ್ಟೂ ಅದು ಒರಟು. ಮೊದಲು 60 ನಂಬರ್, ಆಮೇಲೆ 80, ಕೊನೆಗೆ 120. ಹಳೆಯ ಪಾಲಿಶ್ ತುಂಬಾ ದಪ್ಪವಾಗಿದ್ದರೆ ಮಾತ್ರ 40ರಿಂದ ಶುರು ಮಾಡಿ. ನಡುವೆ ಯಾವ ನಂಬರನ್ನೂ ಬಿಡಬೇಡಿ. ಒರಟು ಕಾಗದದ ಗೀರುಗಳು ಉಳಿದರೆ ಪಾಲಿಶ್ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಪ್ರತಿ ಸಲ ಶುರು ಮಾಡುವ ಮುಂಚೆ ನೆಲದ ಮೇಲೆಲ್ಲ ಪೆನ್ಸಿಲ್ಲಿನಿಂದ ಗೀಚಿ. ಗೀಚು ಅಳಿಸಿಹೋದ ಕಡೆ ನಿಲ್ಲಿಸಿ, ಮುಂದಕ್ಕೆ ಹೋಗಿ. ಮಷಿನನ್ನು ಒತ್ತಬೇಡಿ, ಅದರ ತೂಕವೇ ಸಾಕು.

ತೇಗದ ಧೂಳು ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಎನ್95 ಮಾಸ್ಕ್ ಬೇಕೇ ಬೇಕು. ಮಕ್ಕಳು, ವಯಸ್ಸಾದವರು ಆ ದಿನ ನೆಂಟರ ಮನೆಯಲ್ಲಿರಲಿ.

ಸಂದುಗಳ ವಿಷಯದಲ್ಲಿ ಒಂದು ಮಾತು. ಜನವರಿಯಲ್ಲಿ ಕಾಣುವ ಕೂದಲೆಳೆಯಷ್ಟು ಸಂದುಗಳನ್ನು ತುಂಬಬೇಡಿ. ಮಳೆಗಾಲದಲ್ಲಿ ಮರ ಉಬ್ಬಿ ಅವು ತಾವೇ ಮುಚ್ಚಿಕೊಳ್ಳುತ್ತವೆ, ತುಂಬಿದ್ದು ಹೊರಗೆ ಕಿತ್ತು ಬರುತ್ತದೆ. ದೊಡ್ಡ ಗುಂಡಿಗಳಿಗೆ ಮಾತ್ರ, ಅದೇ ನೆಲದ ನಯವಾದ ಧೂಳನ್ನು ವುಡ್ ಫಿಲ್ಲರ್ ದ್ರವದಲ್ಲಿ ಕಲಸಿ ತುಂಬಿ. ಬಣ್ಣ ಸರಿಹೊಂದುತ್ತದೆ.

ಪಾಲಿಶ್ ಯಾವುದು? ನಮ್ಮ ಬಡಗಿಗಳಿಗೆ ಕೈಗೆ ಹತ್ತಿದ್ದು ಚಪಡಾದ (ಅರಗಿನ) ಸ್ಪಿರಿಟ್ ಪಾಲಿಶ್ ಮತ್ತು ಮೆಲಮೈನ್. ಕಪಾಟಿಗೆ ಸರಿ, ನೆಲಕ್ಕೆ ಬೇಡ. ಮೊದಲನೆಯದು ನೀರು ಬಿದ್ದರೆ ಬಿಳಿ ಕಲೆಯಾಗುತ್ತದೆ, ಎರಡನೆಯದು ಓಡಾಟಕ್ಕೆ ಬಿರುಕು ಬಿಡುತ್ತದೆ. ಡಬ್ಬದ ಮೇಲೆ ‘ನೆಲಕ್ಕೆ’ ಎಂದು ಬರೆದಿರುವ ಪಿಯು (ಪಾಲಿಯುರೆಥೇನ್) ಪಾಲಿಶ್ ಕೊಳ್ಳಿ. ತೇಗದಲ್ಲಿ ಸ್ವಂತ ಎಣ್ಣೆ ಇರುವುದರಿಂದ ಪಾಲಿಶ್ ಹಿಡಿಯದೇ ಹೋಗಬಹುದು. ಅದಕ್ಕೇ ಧೂಳೆಲ್ಲ ವ್ಯಾಕ್ಯೂಮ್‌ನಿಂದ ಎಳೆದ ಮೇಲೆ, ಕಂಪನಿ ಹೇಳಿದ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಹಚ್ಚಿ. ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಬನ್ನಿ. ಕಿಟಕಿ ತೆರೆದಿರಲಿ, ಫ್ಯಾನ್ ಬೇಡ, ಗ್ಯಾಸ್ ಒಲೆ ಆರಿರಲಿ. ತೆಳ್ಳಗೆ ಮೂರು ಕೋಟ್ ಸಾಕು. ಕೋಟ್‌ಗಳ ನಡುವೆ 220 ನಂಬರಿನಿಂದ ಹಗುರವಾಗಿ ಉಜ್ಜಿ ಒರೆಸಿ. ಥಿನ್ನರ್, ಎಣ್ಣೆ ಹತ್ತಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ.

ಮರುದಿನ ಬರಿಗಾಲಲ್ಲಿ ನಡೆಯಬಹುದು, ಮಂಚ-ಕಪಾಟಿಗೆ ಒಂದು ವಾರ ಕಾಯಿರಿ. ಬಕೆಟ್ ನೀರು ಚೆಲ್ಲಿ ಲಾದಿ ಒರೆಸುವ ರೂಢಿ ಇಲ್ಲಿ ಬೇಡ, ಕೆಲಸದ ಬಾಯಿಗೂ ಹಿಂಡಿದ ಬಟ್ಟೆಯೇ ಸಾಕೆಂದು ತಿಳಿಸಿ. ಕೆಲವು ವರ್ಷಗಳ ಮೇಲೆ ಓಡಾಡುವ ಜಾಗದಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಮಣಿಯಂತೆ ನಿಂತರೆ ಏನೂ ಮಾಡಬೇಕಿಲ್ಲ. ಹೀರಿಕೊಳ್ಳತೊಡಗಿದರೆ ತಡ ಮಾಡದೆ 220 ನಂಬರಿನಿಂದ ಉಜ್ಜಿ ಒಂದು ಕೋಟ್ ಕೊಡಿ. ಮರ ಕಪ್ಪಾಗುವ ಮೊದಲೇ ಇದನ್ನು ಮಾಡಿದರೆ ಮತ್ತೆ ಬುಡದಿಂದ ಉಜ್ಜುವ ಕೆಲಸ ಬರುವುದಿಲ್ಲ.