ಮಳೆಗಾಲ ಕಳೆಯಲು ಮಲೆನಾಡಿನ ಯಾವ ಊರು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮನೆ ಹಿಡಿದು ಅಲ್ಲಿಂದಲೇ ಕೆಲಸ ಮಾಡಬೇಕೆನ್ನುವವರು ಮೊದಲು ಮಳೆಯ ಲೆಕ್ಕ ನೋಡಬೇಕು. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಮೂವತ್ತು ಚಿಲ್ಲರೆ ಕಿ.ಮೀ. ಒಳಕ್ಕೆ ಬಂದರೆ ತೀರ್ಥಹಳ್ಳಿ, ಅಲ್ಲಿ ಅದರ ಅರ್ಧವೂ ಇಲ್ಲ. ಇನ್ನೂ ಅರವತ್ತು ಕಿ.ಮೀ. ಪೂರ್ವಕ್ಕೆ ಹೋದರೆ ಶಿವಮೊಗ್ಗ, ಸಾವಿರದ ಆಸುಪಾಸು. ಕಡಲ ಕಡೆಯಿಂದ ಬಂದ ಮೋಡ ಘಟ್ಟದ ಅಂಚಿನಲ್ಲೇ ಬಹುಪಾಲು ಸುರಿದುಬಿಡುತ್ತದೆ. ಹಾಗಾಗಿ ತಾಲೂಕಿನ ಸರಾಸರಿ ನಂಬಿ ಊರು ಗೊತ್ತುಮಾಡಬೇಡಿ. ಘಟ್ಟದ ತಲೆಯ ಮೇಲಿನ ಹುಲಿಕಲ್ಲೂ ಹೊಸನಗರ ತಾಲೂಕೇ, ಒಳನಾಡಿನ ರಿಪ್ಪನ್‌ಪೇಟೆಯೂ ಅದೇ ತಾಲೂಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಹಿಂದಿನ ಜುಲೈನಲ್ಲಿ ನಿಮ್ಮ ಊರಿಗೆ ಅಂಥ ದಿನ ಎಷ್ಟು ಬಂದಿತ್ತೆಂದು ನೋಡಿ.

ಮೊದಲ ಸಲ ಬರುವವರಿಗೆ ತೀರ್ಥಹಳ್ಳಿ ಅಥವಾ ಸಾಗರ ಸಾಕು. ಆಗುಂಬೆ ಒಂದು ವಾರಕ್ಕೆ ಚೆಂದ. ನಾಲ್ಕು ತಿಂಗಳಿಗೆ ಅಲ್ಲಿನವರ ತಾಳ್ಮೆ ಬೇಕು. ಸಾಗರಕ್ಕೆ ರೈಲಿದೆ, ತೀರ್ಥಹಳ್ಳಿಗಿಲ್ಲ. ದೊಡ್ಡ ಕಾಯಿಲೆಗೆ ಈ ಕಡೆಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಹೋಗುತ್ತಾರೆ. ತೀರ್ಥಹಳ್ಳಿಯಲ್ಲಿದ್ದು ಮಣಿಪಾಲವನ್ನು ನೆಚ್ಚಿಕೊಂಡರೆ ಆಗುಂಬೆ ಘಾಟಿ ಇಳಿಯಬೇಕು. ಅಲ್ಲಿ ಧರೆ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ) ಜರಿದರೆ ದಾರಿ ಮುಚ್ಚುತ್ತದೆ, ಸುತ್ತಿ ಹೋಗಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಶಿವಮೊಗ್ಗದ ದಾರಿ ಹತ್ತಿರವಿರುವ ಊರೇ ಮೇಲು.

ಊರಿಗಿಂತ ಹೆಚ್ಚು ಪರದಾಡಿಸುವುದು ಕರೆಂಟು. ಮರ ಬಿದ್ದು ತಂತಿ ಹರಿದರೆ ಪೇಟೆಯಲ್ಲಿ ಕೆಲವು ಗಂಟೆಗಳಲ್ಲಿ ಸರಿಯಾಗಬಹುದು. ಕಾಡಿನೊಳಗಿನ ಒಂಟಿ ಮನೆಗೆ ಎರಡು ಮೂರು ದಿನವಾದರೂ ಆಶ್ಚರ್ಯವಿಲ್ಲ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯ ಇನ್ವರ್ಟರ್‌ ಇದ್ದರೆ ಲ್ಯಾಪ್‌ಟಾಪ್, ರೂಟರ್, ಒಂದು ಎಲ್‌ಇಡಿ ದೀಪ ಸೇರಿ 90 ವ್ಯಾಟಿಗೆ ಹನ್ನೆರಡು ಗಂಟೆ ಬರುತ್ತದೆ, ಬ್ಯಾಟರಿ ಹೊಸತಾಗಿದ್ದರೆ. ಎಡವಟ್ಟಾಗುವುದು ಮರುದಿನ. ಖಾಲಿ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು, ಕರೆಂಟು ಬಂದು ಹೋಗುವುದು ಎರಡೇ ಗಂಟೆ. ಅದೂ ಲೋ ವೋಲ್ಟೇಜ್. ಮಿಕ್ಸಿ, ಪಂಪು ಇನ್ವರ್ಟರ್ ಮೇಲೆ ಬೇಡವೇ ಬೇಡ. ಕರೆಂಟು ಹೋದ ಎಷ್ಟು ಹೊತ್ತಿಗೆ ಮೊಬೈಲ್ ಟವರ್ ಸಾಯುತ್ತದೆಂದು ಅಕ್ಕಪಕ್ಕದವರನ್ನು ಕೇಳಿ. ಮಾಲೀಕರನ್ನು ಕೇಳಿದರೆ 'ಫುಲ್ ನೆಟ್‌ವರ್ಕ್' ಎಂದೇ ಹೇಳುತ್ತಾರೆ. ಫೈಬರ್ ಜತೆಗೆ ಬೇರೆ ಕಂಪನಿಯ ಸಿಮ್ ಒಂದಿರಲಿ.

ಮನೆ ನೋಡಲು ಹೋದಾಗ ಮೊದಲು ಹಿತ್ತಲಿಗೆ ನಡೆಯಿರಿ. ಗುಡ್ಡ ಕಡಿದು ಮಾಡಿದ ಜಾಗವಾದರೆ ಹಿಂದೆ ಧರೆ ಇರುತ್ತದೆ. ಧರೆ ಎಷ್ಟು ಎತ್ತರವೋ ಗೋಡೆ ಕನಿಷ್ಠ ಅಷ್ಟು ದೂರವಿರಬೇಕು. ಧರೆಯ ತಲೆಯಲ್ಲಿ ಬಿರುಕು, ವಾಲಿದ ಮರ, ಹೊಸದಾಗಿ ಜೆಸಿಬಿ ಕಡಿದ ಗುರುತು ಕಂಡರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬಿಡಿ. ವಾಸವಿದ್ದಾಗ ಧರೆಯಿಂದ ಒಸರುವ ತಿಳಿನೀರು ಕೆಂಪಾದರೆ ಮಣ್ಣು ಸಡಿಲಾಗಿದೆ ಎಂದರ್ಥ, ಆ ರಾತ್ರಿ ಅಲ್ಲಿ ಮಲಗಬೇಡಿ.

ಆಮೇಲೆ ಒಳಗೆ. ನೆಲದಲ್ಲಿ ಜಲ ಏಳುತ್ತದೆಯೇ ಕೇಳಿ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಸುಲಿದಿದ್ದರೆ ಕೇಳಬೇಕಾಗಿಲ್ಲ. ಮಳೆ ಹೊಡೆಯುವುದು ಪಡುವಣದಿಂದ. ಆ ಕಡೆಯ ಕಿಟಕಿಗೆ ನಾಲ್ಕಡಿಯಾದರೂ ಸೂರು ಚಾಚಿರದಿದ್ದರೆ ಎರಚಲು ಹಾಸಿಗೆಯವರೆಗೆ ಬರುತ್ತದೆ. ಬರೀ ತಾರಸಿ ಮನೆ ಜುಲೈನಲ್ಲಿ ಬೆವರುತ್ತದೆ, ಬಟ್ಟೆ ಪುಸ್ತಕಕ್ಕೆಲ್ಲ ಬೂಸ್ಟು. ತಾರಸಿಯ ಮೇಲೆ ಶೀಟು ಹೊದೆಸಿದ ಮನೆ ವಾಸಿ; ಅಟ್ಟವಿರುವ ಹಂಚಿನ ಮನೆಯಲ್ಲಿ ಗಾಳಿ ಆಡುತ್ತದೆ, ಆದರೆ ಮೇ ಮುಗಿಯುವುದರೊಳಗೆ ಹಂಚು ಕೈಯಾಡಿಸಿರಬೇಕು, ಅಂದರೆ ಒಡೆದದ್ದು ಬದಲಿಸಿ ಸರಿಯಾಗಿ ಜೋಡಿಸಿರಬೇಕು.

ಬಚ್ಚಲೊಲೆ ಇರುವ ಮನೆ ಸಿಕ್ಕರೆ ಐನೂರು ರೂಪಾಯಿ ಜಾಸ್ತಿ ಕೊಟ್ಟಾದರೂ ಹಿಡಿಯಿರಿ. ಸೋಲಾರ್ ಹೀಟರ್ ಈ ನಾಲ್ಕು ತಿಂಗಳು ಅಲಂಕಾರಕ್ಕೆ. ಹಂಡೆಯಲ್ಲಿ ಬಿಸಿನೀರು, ಒಲೆಯ ಮೇಲಿನ ಗಳುವಿನಲ್ಲಿ ಒಣಗಿದ ಬಟ್ಟೆ, ಎರಡೂ ಒಂದೇ ಬೆಂಕಿಯಲ್ಲಿ ಆಗುತ್ತದೆ. ಬಟ್ಟೆಗೆ ಹೊಗೆವಾಸನೆ ಬರುವುದು ನಿಜ. ಕಟ್ಟಿಗೆ ಬಾಡಿಗೆಯಲ್ಲಿ ಸೇರಿದೆಯೇ, ಕೊಟ್ಟಿಗೆಯಲ್ಲಿ ಈಗಾಗಲೇ ಒಣಗಿಸಿಟ್ಟಿದ್ದಾರೆಯೇ ನೋಡಿಕೊಳ್ಳಿ. ಜೂನ್‌ನಲ್ಲಿ ಕೊಂಡ ಹಸಿ ಕಟ್ಟಿಗೆ ಬರೀ ಹೊಗೆ. ಗ್ಯಾಸ್ ಸಿಲಿಂಡರ್ ಎರಡಿರಲಿ.

ಉಂಬಳಕ್ಕೆ (ಜಿಗಣೆಗೆ) ಹೆದರಿ ಊರು ಬಿಡಬೇಕಾಗಿಲ್ಲ, ಉಪ್ಪು ಅಥವಾ ಸುಣ್ಣ ಸಾಕು. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಸಾಮಾನ್ಯವಾಗಿ ಮಳೆ ನಿಂತ ಮೇಲಿನದು. ಡಿಸೆಂಬರ್ ದಾಟಿ ಉಳಿಯುವವರು ಕಾಡಿಗೆ ಹೋಗುವ ಮುನ್ನ ಆಶಾ ಕಾರ್ಯಕರ್ತೆಯರನ್ನು ಕೇಳಿಕೊಳ್ಳಲಿ.

ಮನೆಯನ್ನು ಏಪ್ರಿಲ್ ಬಿಸಿಲಲ್ಲಿ ನೋಡಿ ನಾಲ್ಕು ತಿಂಗಳ ಮುಂಗಡ ಕೊಡಬೇಡಿ. ಆರಿದ್ರಾ ಮಳೆಗೆ, ಅಂದರೆ ಜೂನ್ ಕೊನೆಗೆ, ಒಂದು ತಿಂಗಳ ಮಟ್ಟಿಗೆ ಹಿಡಿಯಿರಿ. ಪುನರ್ವಸು ಮಳೆ ಕಳೆಯುವ ಹೊತ್ತಿಗೆ, ಅಂದರೆ ಜುಲೈ ಮೂರನೇ ವಾರಕ್ಕೆ, ಮನೆ ಸೋರುತ್ತದೋ ಇಲ್ಲವೋ ಗೊತ್ತಾಗಿರುತ್ತದೆ, ಉಳಿದ ಬಾಡಿಗೆಯ ಮಾತು ಆಮೇಲೆ ಆಡಬಹುದು.